ಹಳೇ ಬಿಲ್ಲಿಂಗ್ ಪ್ರೋಗ್ರಾಂಗೆ ಹೊಸ ಯಂತ್ರ

ಕೇಳುಗರಿಗೆ ನಮಸ್ಕಾರ. ಬ್ಯಾಡಗಿಯ ದಲಾಲಿ ಅಂಗಡಿ ಇರಲಿ, ಗದಗಿನ ಪ್ರೆಸ್ ಇರಲಿ, ವಿಂಡೋಸ್‌ಗೆಂದು ಬರೆಸಿದ 32 ಬಿಟ್ ಬಿಲ್ಲಿಂಗ್ ಪ್ರೋಗ್ರಾಂ ಬಿಡಲಾಗದೆ ಹಳೇ ಕಂಪ್ಯೂಟರನ್ನೇ ಇಟ್ಟುಕೊಂಡವರು ಇದ್ದಾರೆ. ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಮೇಲೆ ಆ ಪ್ರೋಗ್ರಾಂ ನಡೆಸಲು ವೈನ್ ಎಂಬ ತಂತ್ರಾಂಶವಿದೆ. ಇಂಥ ಅಂಗಡಿಗಳಿಗೆ ಅದರ ಪ್ಯಾಕೇಜ್, ಅಂದರೆ ಯಂತ್ರಕ್ಕೆ ಹಾಕಲು ಸಿದ್ಧವಾದ ಕಟ್ಟು, ಕಟ್ಟಿಕೊಡುವ ಹುಬ್ಬಳ್ಳಿ-ಧಾರವಾಡದ ಹುಡುಗರಿಗಾಗಿ ಈ ಮಾತು.

ವಿಂಡೋಸ್‌ಗೆ ಹೋಗಬೇಕಾದ ಕರೆಗಳನ್ನು ವೈನ್ ಲಿನಕ್ಸ್‌ನಿಂದ ಮಾಡಿಸುತ್ತದೆ. ಪ್ರೊಸೆಸರಿನ ಸೂಚನೆಗಳನ್ನು ಮಾತ್ರ ಮುಟ್ಟುವುದಿಲ್ಲ. ಆದ್ದರಿಂದ ಇಂಟೆಲ್, ಎಎಂಡಿ ಯಂತ್ರಕ್ಕೆ ಒಂದು ಪ್ಯಾಕೇಜ್, ಆರ್ಮ್ ಎಂಬ ಇನ್ನೊಂದು ಬಗೆಯ ಪ್ರೊಸೆಸರಿನ ಯಂತ್ರಕ್ಕೆ ಬೇರೆಯದೇ ಬೇಕು. ಅದಲುಬದಲಾದರೆ ಫೈಲ್ ತೆರೆಯುವ ಮೊದಲೇ 'ಎಕ್ಸೆಕ್ ಫಾರ್ಮ್ಯಾಟ್ ಎರರ್', ಅಂದರೆ ಈ ಪ್ರೊಸೆಸರಿಗೆ ಹೊಂದದ ಪ್ರೋಗ್ರಾಂ ಎಂಬ ದೋಷ, ಬರುತ್ತದೆ.

64 ಬಿಟ್ ಇಂಟೆಲ್ ಯಂತ್ರದಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಇದ್ದರೆ, ಅದರ ಪ್ಯಾಕೇಜ್ ಸಾಧನವಾದ ಡಿಪಿಕೆಜಿಯ ಆಡ್-ಆರ್ಕಿಟೆಕ್ಚರ್ ಆದೇಶದಿಂದ ಐ386 ಎಂಬ 32 ಬಿಟ್ ಇಂಟೆಲ್ ಬಗೆಯನ್ನು ಸೇರಿಸಿ, ಪ್ಯಾಕೇಜ್ ತರಿಸಿ ಹಾಕುವ ಆಪ್ಟ್ ಸಾಧನದಿಂದ ಅಪ್‌ಡೇಟ್ ಮಾಡಿ, ಆಮೇಲೆ 32 ಬಿಟ್ ವೈನ್ ಆದ ವೈನ್32 ಹಾಕಿ. ನಡುವಿನ ಅಪ್‌ಡೇಟ್ ಮರೆತರೆ ಐ386ನ ಪಟ್ಟಿಯೇ ಇಳಿದಿರುವುದಿಲ್ಲ, ಪ್ಯಾಕೇಜ್ ಸಿಗಲಿಲ್ಲ ಎನ್ನುತ್ತದೆ.

ನಿಜವಾದ ತೊಡಕು ಲೈಬ್ರರಿಗಳಲ್ಲಿ, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಫೈಲುಗಳಲ್ಲಿ. ಒಂದೇ ಲೈಬ್ರರಿಯ ಎಎಂಡಿ64 (ಇಂಟೆಲ್ 64 ಬಿಟ್‌ಗೂ ಇದೇ ಹೆಸರು) ಪ್ರತಿ, ಐ386 ಪ್ರತಿ ಒಟ್ಟಿಗೆ ಕೂರಬೇಕಾದರೆ ಪ್ಯಾಕೇಜಿನ ವಿವರವಿರುವ ಕಂಟ್ರೋಲ್ ಫೈಲಿನಲ್ಲಿ 'ಮಲ್ಟಿ-ಆರ್ಚ್: ಸೇಮ್' ಎಂದು ಬರೆಯಬೇಕು, ಎರಡರ ಆವೃತ್ತಿಯೂ ಅಕ್ಷರಶಃ ಒಂದೇ ಇರಬೇಕು. ಎಎಂಡಿ64ಕ್ಕೆ ಮಾತ್ರ ತಿದ್ದುಪಡಿ ಕಟ್ಟಿ ಐ386 ಕಟ್ಟದೆ ಬಿಟ್ಟರೆ ಹೊಸದು ಕೂರುವುದಿಲ್ಲ, ಕೆಲವೊಮ್ಮೆ ಆಪ್ಟ್ ವೈನನ್ನೇ ತೆಗೆದುಹಾಕಲು ಹೊರಡುತ್ತದೆ. 'ಹೌದು' ಒತ್ತುವ ಮೊದಲು ತೆಗೆಯುವ ಪಟ್ಟಿ ಓದಿ, ದಯವಿಟ್ಟು. ಎರಡೂ ಪ್ರತಿಗಳು ಒಂದೇ ಜಾಗದಲ್ಲಿಡುವ ಫೈಲುಗಳೂ ಒಂದು ಬೈಟ್ ವ್ಯತ್ಯಾಸವಿಲ್ಲದೆ ಹೊಂದಬೇಕು. ಕಟ್ಟಿದ ಹೊತ್ತನ್ನು ದಾಖಲೆಯೊಳಗೆ ಬರೆಯುವ ಸ್ಕ್ರಿಪ್ಟ್ ಇದ್ದರೆ ಅಲ್ಲೇ ಜಗಳ. ಅದನ್ನು ಕಿತ್ತುಹಾಕಿ.

ಇನ್ನು ರಾಸ್ಪ್‌ಬೆರಿ ಪೈ ಎಂಬ ಆರ್ಮ್ ಪ್ರೊಸೆಸರಿನ ಪುಟ್ಟ ಕಂಪ್ಯೂಟರ್. ಆರ್ಮ್‌ಗೆ ಕಟ್ಟಿದ ವೈನ್ ತಾನಾಗಿ ಇಂಟೆಲ್ ಪ್ರೋಗ್ರಾಂ ನಡೆಸಲಾರದು. ಅಲ್ಲಿ ಇಂಟೆಲ್ 64 ಬಿಟ್ ವೈನನ್ನೇ ಇಂಟೆಲ್ ಸೂಚನೆಗಳನ್ನು ಆರ್ಮ್‌ಗೆ ತರುವ ಬಾಕ್ಸ್64 ಎಂಬ ಅನುವಾದಕದ ಮೇಲೆ ಓಡಿಸುತ್ತಾರೆ. 32 ಬಿಟ್ ಪ್ರೋಗ್ರಾಂ ಆದರೆ, ಅದನ್ನು 64 ಬಿಟ್ ವೈನ್ ಒಳಗೇ ನಡೆಸುವ ವಾವ್64 ವಿಧಾನದಲ್ಲಿ ಕಟ್ಟಿದ ವೈನ್ ಆರಿಸಿ.

ಪೈ 5ರಲ್ಲಿ ಇನ್ನೊಂದು ತೊಡಕಿದೆ. ಅದರ ಮಾಮೂಲಿ ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು, ಮೆಮೊರಿಯನ್ನು 16 ಕೆಬಿ ಪುಟಗಳಾಗಿ ಹಂಚುತ್ತದೆ, ವೈನ್‌ಗೆ ಬೇಕಾದದ್ದು 4 ಕೆಬಿ. ಬೂಟ್ ಫರ್ಮ್‌ವೇರ್ ಫೋಲ್ಡರಿನ ಕಾನ್ಫಿಗ್ ಫೈಲಿನಲ್ಲಿ 4 ಕೆಬಿ ಪುಟದ ಕರ್ನೆಲ್ ಆದ ಕರ್ನೆಲ್8 ಇಮೇಜ್ ನಮೂದಿಸಿ, ಯಂತ್ರ ಮತ್ತೆ ಚಾಲೂ ಮಾಡಿ, ಗೆಟ್‌ಕಾನ್ಫ್ ಪೇಜ್‌ಸೈಜ್ ಆದೇಶದಿಂದ ಪುಟದ ಅಳತೆ ಕೇಳಿ. 4096 ಎಂದರೆ ಮುಂದುವರಿಯಿರಿ, 16384 ಎಂದರೆ ಬದಲಾವಣೆ ಹತ್ತಿಲ್ಲ.