ಕಣ ಸಿಗಲಿಲ್ಲ ಎಂದರೆ ವೈರಸ್ ಇಲ್ಲ ಎಂದಲ್ಲ

ನಮಸ್ಕಾರ. ಹೋದ ಸಂಚಿಕೆಗೆ ಬಂದ ಒಂದು ಪ್ರತಿಕ್ರಿಯೆ ಎರಡು ದಿನಗಳಿಂದ ನನ್ನ ತಲೆ ತಿನ್ನುತ್ತಿದೆ: ‘ಗಡ್ಡೆಯೊಳಗೆ ವೈರಸ್ಸೇ ಸಿಗುವುದಿಲ್ಲ, ಆದರೂ ಅದಕ್ಕೆ ವೈರಸ್ಸೇ ಕಾರಣ ಎನ್ನುತ್ತೀರಲ್ಲ!’ ಜೊತೆಗೆ ಮೂರು ನಗುಮುಖ. ಸ್ವಾಮಿ, ವೈರಸ್ಸಿನ ಕಣ, ಅಂದರೆ ಕವಚ ತೊಟ್ಟ ಪೂರ್ಣ ವೈರಸ್, ಸಿಗದಿರುವುದು ಬೇರೆ, ವೈರಸ್ಸಿನ ಜೀನ್ ಇಲ್ಲದಿರುವುದು ಬೇರೆ.

ಅಮೆರಿಕದ ರಿಚರ್ಡ್ ಶೋಪ್ 1933ರಲ್ಲಿ, ಕಾಟನ್‌ಟೇಲ್ ಎಂಬ ಕಾಡುಮೊಲಗಳ ಮೈಮೇಲೆ ಕೊಂಬಿನಂತೆ ಏಳುತ್ತಿದ್ದ ನರಹುಲಿಗಳನ್ನು ಅರೆದು, ಸೋಸಿ, ಆ ರಸದಿಂದಲೇ ಬೇರೆ ಮೊಲಗಳಲ್ಲಿಯೂ ನರಹುಲಿ ಎಬ್ಬಿಸಿ ತೋರಿಸಿದರು. ಕಾಡುಮೊಲದ ನರಹುಲಿಯಿಂದ ವೈರಸ್ಸನ್ನು ಮರಳಿ ಪಡೆಯಬಹುದಿತ್ತು. ಸಾಕುಮೊಲದಲ್ಲಿ ನರಹುಲಿಯೇನೋ ಸೊಂಪಾಗಿ ಬೆಳೆಯುತ್ತಿತ್ತು, ವೈರಸ್ ಮಾತ್ರ ಸಾಮಾನ್ಯವಾಗಿ ಕೈಗೆ ಸಿಗುತ್ತಿರಲಿಲ್ಲ. ನಮ್ಮ ಮಹನೀಯರು ಅಲ್ಲಿದ್ದಿದ್ದರೆ ‘ಮೊಲಕ್ಕೆ ದೃಷ್ಟಿ ತಾಗಿದೆ’ ಎಂದು ಮೆಣಸಿನಕಾಯಿ ನಿವಾಳಿಸುತ್ತಿದ್ದರೋ ಏನೋ! ಐವತ್ತು ವರ್ಷಗಳ ಬಳಿಕ, ಕಣ ಉತ್ಪಾದಿಸದ ಅಂಥ ಗಡ್ಡೆಗಳಲ್ಲಿ ವೈರಸ್ಸಿನ ಡಿಎನ್‌ಎ ಇದೆ, ಅದರ ಮೇಲೆ ಮೀಥೈಲ್ ಗುಂಪುಗಳು ದಟ್ಟವಾಗಿ ಕುಳಿತಿವೆ ಎಂಬುದು ಕಂಡುಬಂತು. ಮೀಥೈಲ್ ಎಂದರೆ ಡಿಎನ್‌ಎಯ ಅಕ್ಷರಕ್ಕೆ ಅಂಟುವ ಪುಟ್ಟ ರಾಸಾಯನಿಕ ಗುರುತು; ಅದು ದಟ್ಟವಾಗಿರುವ ಜೀನ್ ಸಾಮಾನ್ಯವಾಗಿ ಮೌನವಾಗಿರುತ್ತದೆ.

ಇನ್ನು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪುಟ್ಟ ಪ್ರಾಣಿ. ಮನುಷ್ಯರಿಗೆ ನೆಗಡಿಯಂಥ ಕಾಯಿಲೆ ತರುವ ಅಡೆನೊವೈರಸ್ ಗುಂಪಿನ 12ನೇ ಬಗೆಯನ್ನು ಆಗತಾನೆ ಹುಟ್ಟಿದ ಹ್ಯಾಮ್‌ಸ್ಟರ್ ಮರಿಗಳಿಗೆ ಚುಚ್ಚಿದರೆ ಗಡ್ಡೆ ಬೆಳೆಯುತ್ತದೆಂದು 1962ರಲ್ಲೇ ಗೊತ್ತಾಗಿತ್ತು. ಜರ್ಮನಿಯ ಕಲೋನ್‌ನಲ್ಲಿ ವಾಲ್ಟರ್ ಡೋರ್ಫ್ಲರ್ ಅವರ ತಂಡ ಈ ವೈರಸ್ಸಿನ ಡಿಎನ್‌ಎ ಸೇರಿಕೊಂಡ ಹ್ಯಾಮ್‌ಸ್ಟರ್ ಕೋಶಗಳನ್ನು, ಡಿಎನ್‌ಎ ಕತ್ತರಿಸುವ ಎರಡು ಕಿಣ್ವಗಳಿಂದ ಪರೀಕ್ಷಿಸಿತು. ಎರಡೂ ಡಿಎನ್‌ಎಯಲ್ಲಿ ‘ಸಿಸಿಜಿಜಿ’ ಎಂಬ ನಾಲ್ಕಕ್ಷರ ಕಂಡಲ್ಲಿ ಕತ್ತರಿಸುವಂಥವು. ಆದರೆ ಒಳಗಿನ ‘ಸಿ’ಯ ಮೇಲೆ ಮೀಥೈಲ್ ಇದ್ದರೆ ಒಂದು ಹಿಂದೆ ಸರಿಯುತ್ತದೆ, ಇನ್ನೊಂದು ಲೆಕ್ಕಿಸದೆ ಕತ್ತರಿಸುತ್ತದೆ. ಡಿಎನ್‌ಎ ತುಂಡುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ ಅಕ್ಕಪಕ್ಕ ಓಡಿಸಿದಾಗ ಮೊದಲ ಕಿಣ್ವದ ಸಾಲಿನಲ್ಲಿ ಮಾತ್ರ ದೊಡ್ಡ ತುಂಡುಗಳು ಮೇಲೆಯೇ ಉಳಿದಿದ್ದರೆ, ಅಲ್ಲಿ ಮೀಥೈಲ್ ಇದೆ ಎಂದರ್ಥ. ಹೀಗೆ ನೋಡಿದಾಗ, ಸೋಂಕಿನಲ್ಲಿ ತಡವಾಗಿ ಕೆಲಸ ಶುರುಮಾಡಿ ಕಣದ ಕವಚ ಕಟ್ಟುವ ‘ತಡವಾದ’ ಜೀನ್‌ಗಳ ಮೇಲೆ ಮೀಥೈಲ್ ದಟ್ಟವಾಗಿತ್ತು, ಅವು ಮೌನವಾಗಿದ್ದವು. ಕೋಶವನ್ನು ಹದ್ದು ಮೀರಿ ವಿಭಜಿಸುವಂತೆ ಮಾಡುವ ಆರಂಭದ ಜೀನ್‌ಗಳ ಮೇಲೆ ಅದು ವಿರಳವಾಗಿತ್ತು, ಅವು ಕೆಲಸ ಮಾಡುತ್ತಲೇ ಇದ್ದವು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲಲ್ಲಿ ವ್ಯಾಪಾರ ನಡೆಸುವ ಅಂಗಡಿಯನ್ನು ಮುಚ್ಚಿದೆ ಎನ್ನುತ್ತೀರಾ? ಕವಚವನ್ನೇ ಕಟ್ಟದಿದ್ದರೆ ಕಣ ಎಲ್ಲಿಂದ ಬರಬೇಕು, ಸ್ವಾಮಿ?

‘ಜೀನ್ ಮೊದಲು ಸುಮ್ಮನಾಗಿ, ಮೀಥೈಲ್ ಆಮೇಲೆ ಬಂದಿರಬಹುದಲ್ಲ’ ಎಂದು ಇನ್ನೊಬ್ಬರು ಜಾಣತನ ತೋರಿದ್ದಾರೆ. ಬರಲಿ ಬಿಡಿ! ಅಡೆನೊವೈರಸ್ಸಿನದೇ ಒಂದು ಜೀನ್‌ಗೆ ಪ್ರಯೋಗಾಲಯದಲ್ಲಿ ಮೀಥೈಲ್ ಅಂಟಿಸಿ ಕಪ್ಪೆಯ ಅಂಡಾಣುವಿಗೆ ಚುಚ್ಚಿದಾಗ ಅದು ಬಾಯಿ ಬಿಡಲಿಲ್ಲ, ಮೀಥೈಲ್ ಇಲ್ಲದ್ದು ಮಾತಾಡಿತು. ಇದು 1982ರ ಮಾತು. ಅಂದಹಾಗೆ, ಈ ವಾಹಿನಿಗೆ ಇನ್ನೂ ಚಂದಾದಾರರಾಗದೆ ವಾದಕ್ಕೆ ಮಾತ್ರ ಬರುವವರು ಆ ಗಂಟೆಯ ಗುರುತನ್ನೂ ಒಮ್ಮೆ ಒತ್ತಬಹುದು.

ಕಣ ಇಲ್ಲ, ಜೀನ್ ಇದೆ. ಮೊಲದಲ್ಲೂ ಇದೆ, ಹ್ಯಾಮ್‌ಸ್ಟರ್‌ನಲ್ಲೂ ಇದೆ. ಇದೆ ಎಂದರೆ ಇದೆ! ಆ ಮೂರು ನಗುಮುಖಗಳನ್ನು ಅಳಿಸುವವರೆಗೆ ಆ ಮಹನೀಯರ ಮುಂದಿನ ಪ್ರಶ್ನೆಯನ್ನು ನಾನು ಓದುವುದಿಲ್ಲ.