ಹಳೇ ಫೋಟೋದಲ್ಲಿ ಸ್ಟಾರ್ ಆಫ್ ಇಂಡಿಯಾ: ಯಾರು ಯಾವ ದರ್ಜೆ?

ಮೇಜಿನ ಮೇಲಿರೋದೆಲ್ಲ ಪ್ರಿಂಟ್‌ಗಳು, ಒರಿಜಿನಲ್ ಒಂದೂ ಇಲ್ಲ. ಹಂಗಾಗಿ ಬೆರಳು ತಾಗಿಸಿದ್ರಿ ಅಂತ ಕಾಮೆಂಟಲ್ಲಿ ಬೈಬೇಡಿ. ಮುಖ ಯಾರದು ಅನ್ನೋದೂ ಸದ್ಯಕ್ಕೆ ಬೇಡ, ಎದೆ ಭಾಗ ನೋಡಿ ಸಾಕು. ಸ್ಟಾರ್ ಆಫ್ ಇಂಡಿಯಾ ಅಂದ್ರೆ ಬ್ರಿಟಿಷರ ಕಾಲದಲ್ಲಿ ಇಲ್ಲಿನ ಅರಸರಿಗೆ, ಅಧಿಕಾರಿಗಳಿಗೆ ಕೊಡ್ತಿದ್ದ ಗೌರವ, ಇಂಥದ್ದಕ್ಕೆ 'ಆರ್ಡರ್' ಅಂತಾರೆ.

ತೊಟ್ಟವರ ಎಡಗಡೆ ಎದೆ ಮೇಲೆ ದೊಡ್ಡ ಬಿಲ್ಲೆ ಥರ ಇದೆಯಲ್ಲ, ಅದೇ ಸ್ಟಾರ್. ಹತ್ತಿರ ತರ್ತೀನಿ, ಫೋಕಸ್ ಆಗ್ಲಿ... ಹಾಂ. ಹೊರ ಅಂಚು ದುಂಡಗಿದೆ, ಸುತ್ತ ಕಿರಣಗಳು, ಒಂದು ದೊಡ್ಡದು, ಒಂದು ಚಿಕ್ಕದು. ದುಂಡಗಿದ್ರೆ ಜಿಸಿಎಸ್‌ಐ, ಅಂದ್ರೆ ನೈಟ್ ಗ್ರ್ಯಾಂಡ್ ಕಮಾಂಡರ್, ಮೇಲಿನ ದರ್ಜೆ, ಚಿನ್ನದ್ದು. ಅದೇ ಎಂಟು ಮೊನೆ ಇದ್ರೆ ಕೆಸಿಎಸ್‌ಐ, ನೈಟ್ ಕಮಾಂಡರ್, ಬೆಳ್ಳಿದು. ಸ್ಟಾರೇ ಇಲ್ಲ, ಬರೀ ಪದಕ ಇದೆ ಅಂದ್ರೆ ಸಿಎಸ್‌ಐ, ಕಂಪ್ಯಾನಿಯನ್. ಕಪ್ಪು ಬಿಳುಪಲ್ಲಿ ಚಿನ್ನನೋ ಬೆಳ್ಳಿನೋ ಗೊತ್ತಾಗಲ್ಲ, ಅದಕ್ಕೇ ಆಕಾರ ನೋಡಿ ಅನ್ನೋದು.

ವಿಕ್ಟೋರಿಯಾ ರಾಣಿ 1861ರಲ್ಲಿ ಶುರು ಮಾಡ್ದಾಗ ಇದ್ದಿದ್ದು ಒಂದೇ ದರ್ಜೆ, 25 ಜನಕ್ಕೆ ಮಾತ್ರ. 1866ರಲ್ಲಿ ಮೂರಾಯ್ತು. ಬ್ರಿಟನ್ನಿನ ಬೇರೆ ಕೆಲವು ಆರ್ಡರ್‌ಗಳಲ್ಲಿ ಮೇಲಿನವರು ಗ್ರ್ಯಾಂಡ್ ಕ್ರಾಸ್. ಇಲ್ಲಿ ಹಿಂದೂ, ಮುಸ್ಲಿಂ, ಸಿಖ್ ಅರಸರಿಗೆ ಕೊಡೋದು, ಶಿಲುಬೆ ಹೆಸರು ಬೇಡ ಅಂತ ಗ್ರ್ಯಾಂಡ್ ಕಮಾಂಡರ್ ಅಂದ್ರು. ಮೊದಲ ತಂಡದಲ್ಲೇ ಭೋಪಾಲದ ಸಿಕಂದರ್ ಬೇಗಂ ಇದ್ರು, ಹೆಂಗಸಾದ್ರೂ ನೈಟ್ ಅಂತಲೇ ಲೆಕ್ಕ. ಅದೊಂದು ನಂಗಿಷ್ಟ.

ಈಗ ತಲೆ ಕೆಡೋ ವಿಷಯಕ್ಕೆ ಬರ್ತೀನಿ. ಈ ಬಣ್ಣ ಹಾಕಿದ ಫೋಟೋ ನೋಡಿ. ಸಾಫ್ಟ್‌ವೇರಿಗೆ ಕೊಟ್ಟು ಕಲರ್ ಮಾಡ್ಸಿದ್ದು. ಭುಜದಿಂದ ಸೊಂಟಕ್ಕೆ ಇಳಿದಿರೋ ಸ್ಯಾಶ್ ಕಡುಗೆಂಪು! ಜಿಸಿಎಸ್‌ಐ ಸ್ಯಾಶ್ ಯಾವತ್ತೂ ಕೆಂಪಿರ್ಲಿಲ್ಲ, ತಿಳಿ ನೀಲಿ, ಎರಡೂ ಅಂಚಲ್ಲಿ ಬಿಳಿ. ಮೂಲ ಪ್ರಿಂಟಲ್ಲಿ ನೋಡಿ, ಅದು ಹೆಚ್ಚುಕಡಿಮೆ ಬೆಳ್ಳಗೇ ಕಾಣ್ತಿದೆ. ಆ ಕಾಲದ ಪ್ಲೇಟುಗಳಿಗೆ ಕೆಂಪು ತಾಗ್ತಾನೇ ಇರ್ಲಿಲ್ಲ, ನೀಲಿ ಬೇಕಾದಷ್ಟು ತಾಗ್ತಿತ್ತು. ನೀಲಿ ತೆಳುವಾಗಿ ಬೀಳುತ್ತೆ, ಕೆಂಪು ಕಪ್ಪಾಗಿ ಬೀಳುತ್ತೆ. ಸ್ಯಾಶ್ ನಿಜವಾಗ್ಲೂ ಕೆಂಪಿದ್ದಿದ್ರೆ ಕೋಟಿನಷ್ಟೇ ಕಪ್ಪಾಗಿರ್ಬೇಕಿತ್ತು. ಸಾಫ್ಟ್‌ವೇರಿಗೆ ಅದೆಲ್ಲಿ ಗೊತ್ತು, ಮಹಾರಾಜರು ಅಂದ ತಕ್ಷಣ ಕೆಂಪು ಬಳಿಯುತ್ತೆ. ಅದನ್ನೇ ನೋಡಿ ಇನ್ನೊಬ್ಬರು ಪೇಂಟಿಂಗ್ ಮಾಡಿಸ್ತಾರೆ, ಪೇಂಟಿಂಗ್ ನೋಡಿ ಮೂರನೆಯವರು ಕ್ಯಾಲೆಂಡರ್ ಹಾಕಿಸ್ತಾರೆ. ಬಣ್ಣ ಹಾಕ್ಬೇಡಿ ಅಂತಿಲ್ಲ. ಅಥವಾ... ಅಂತೀನಿ ಕೂಡ. ಹಾಕಲೇಬೇಕು ಅಂದ್ರೆ ಮೊದಲು ರಿಬ್ಬನ್ ಬಣ್ಣ ನೋಡ್ಕೊಂಡು ಕೈಯಾರೆ ತಿದ್ದಿ, ಉಳಿದಿದ್ದು ಆಮೇಲೆ.

ಇನ್ನೊಂದು ಪರೀಕ್ಷೆ. ಸ್ಯಾಶ್ ತೊಟ್ಟವರ ಬಲ ಭುಜದಿಂದ ಎಡ ಸೊಂಟಕ್ಕೆ ಬರ್ಬೇಕು. ಎಡದಿಂದ ಬಲಕ್ಕೆ ಬಂದಿದ್ಯಾ? ಸ್ಟಾರೂ ಬಲಗಡೆ ಇದ್ಯಾ? ಹಾಗಿದ್ರೆ ನೆಗೆಟಿವ್ ಉಲ್ಟಾ ಪ್ರಿಂಟ್ ಆಗಿದೆ. ಸ್ಯಾಶ್ ಇಲ್ಲದೆ ಕೊರಳಲ್ಲಿ ರಿಬ್ಬನ್, ಎದೆಯಲ್ಲಿ ಸ್ಟಾರ್ ಇದ್ರೆ ಕೆಸಿ ದರ್ಜೆ.

ಸ್ಟಾರಿನ ನಡುವೆ ಐದು ಮೊನೆಯ ನಕ್ಷತ್ರ ಇದ್ರೆ ಸ್ಟಾರ್ ಆಫ್ ಇಂಡಿಯಾ. ರಾಣಿ ಮುಖ, ಮೇಲೊಂದು ಕಿರೀಟ ಇದ್ರೆ ಅದು ಬೇರೆ ಆರ್ಡರ್, ಇಂಡಿಯನ್ ಎಂಪೈರ್, 1878ರದ್ದು, ರಿಬ್ಬನ್ ಗಾಢ ನೇರಳೆ. ಜಿಸಿಐಇ, ಕೆಸಿಐಇ, ಸಿಐಇ ಅಂತ ಅಕ್ಷರ. ಅದೇ ದರ್ಜೆಯಲ್ಲಿ ಸ್ಟಾರ್ ಆಫ್ ಇಂಡಿಯಾಗಿಂತ ಕೆಳಗೆ. ಅಂದ್ರೆ ಬರೀ ಪ್ರಾಶಸ್ತ್ಯದ ಲೆಕ್ಕದಲ್ಲಿ ಕೆಸಿಎಸ್‌ಐ ಆಗಿದ್ದ ಶೇಷಾದ್ರಿ ಅಯ್ಯರ್ ಮೇಲೆ, ಕೆಸಿಐಇ ಆಗಿದ್ದ ವಿಶ್ವೇಶ್ವರಯ್ಯನವರು ಕೆಳಗೆ. ಬೇಜಾರಾದ್ರೆ ನಾನೇನ್ಮಾಡ್ಲಿ, ನಿಯಮ ಹಂಗಿತ್ತು.

ಕಂಪ್ಯಾನಿಯನ್‌ಗೆ 'ಸರ್' ಬರಲ್ಲ. ವಿಶ್ವೇಶ್ವರಯ್ಯನವರು 1911ರಲ್ಲಿ ಸಿಐಇ, 1912ರಲ್ಲಿ ದಿವಾನರು, 1915ರಲ್ಲಿ ಕೆಸಿಐಇ. 'ಸರ್ ಎಂ.ವಿ.' ಆಗಿದ್ದು ಆ ಮೂರನೇ ಹಂತದಲ್ಲಿ. ಆದ್ರೆ 'ಸರ್' ಇದೆ ಅಂದ ಮಾತ್ರಕ್ಕೆ ಕೆಸಿ ಅಂತ ತೀರ್ಮಾನ ಮಾಡ್ಬೇಡಿ. ಯಾವ ಆರ್ಡರಿಗೂ ಸೇರದ ನೈಟ್ ಬ್ಯಾಚುಲರ್ ಅಂತ ಇತ್ತು, ಅವರಿಗೂ 'ಸರ್'. ಇನ್ನೊಂದು, ಅದೇ ಆರ್ಡರಲ್ಲಿ ಮೇಲೆ ಹೋದ್ರೆ ಕೆಳಗಿನ ಅಕ್ಷರ ಬಿಟ್ಟು ಹೋಗುತ್ತೆ, ಬೇರೆ ಆರ್ಡರಿಂದು ಉಳಿಯುತ್ತೆ. ಮಿರ್ಜಾ ಇಸ್ಮಾಯಿಲ್ ಹೆಸರಿನ ಮುಂದೆ ಕೆಸಿಐಇ, ಒಬಿಇ ಅಂತಿರುತ್ತೆ. ಮೊದಲಿದ್ದ ಸಿಐಇ ಕೆಸಿಐಇಯೊಳಗೆ ಸೇರ್ಕೊಂಡ್ತು, ಒಬಿಇ ಬ್ರಿಟಿಷ್ ಎಂಪೈರ್ ಅನ್ನೋ ಇನ್ನೊಂದು ಆರ್ಡರಿಂದು, ಬೇರೆ ಮನೆ ಸಾಮಾನು, ಉಳೀತು.

ಇದೇ ಮಾತಿಗೆ, ಈಗಿನ ಪದ್ಮ ಪ್ರಶಸ್ತಿ ಇದೆಯಲ್ಲ, ಅದನ್ನ ಹೆಸರಿನ ಹಿಂದೆ ಮುಂದೆ ಬಿರುದಿನ ಥರ ಹಾಕ್ಬಾರದು ಅಂತ ಸುಪ್ರೀಂ ಕೋರ್ಟೇ 1995ರಲ್ಲಿ ಹೇಳಿದೆ. ಆದ್ರೂ ಮದುವೆ ಪತ್ರಿಕೆಯಲ್ಲಿ... ಬಿಡಿ, ಶಾಟ್ ಮುಗೀತಿದೆ.

ಕೊನೇ ಪ್ರಿಂಟ್, ನಾಲ್ವಡಿ ಕೃಷ್ಣರಾಜ ಒಡೆಯರ್. 1907ರಲ್ಲಿ ಜಿಸಿಎಸ್‌ಐ, 1917ರಲ್ಲಿ ಜಿಬಿಇ, ಅಂದ್ರೆ ಬ್ರಿಟಿಷ್ ಎಂಪೈರ್ ಆರ್ಡರಿನ ಮೇಲಿನ ದರ್ಜೆ. ಹಾಗಾಗಿ 1917ರ ನಂತರದ ಫೋಟೋ ಆದ್ರೆ ಎರಡು ಸ್ಟಾರ್ ಇರಬಹುದು, ಜಿಸಿಎಸ್‌ಐದು ಮೇಲೆ. ಜಿಬಿಇ ಸ್ಯಾಶ್ ಕೂಡ ಶುರುವಿನಲ್ಲಿ ನೇರಳೆ, 1937ರಲ್ಲಿ ಗುಲಾಬಿಗೆ ಬದಲಾಯ್ತು, ಬೂದು ಅಂಚು ಹಾಕಿ. ಕೊರಳ ಸುತ್ತ ಹೆಗಲ ಮೇಲೆ ಭಾರಿ ಸರ ಕಂಡ್ರೆ ಅದು ಕಾಲರ್, ಜಿಸಿ ದರ್ಜೆಗೆ ಮಾತ್ರ. ಲೆನ್ಸ್ ಹಿಡಿದು ನೋಡಿ, ಕಮಲ ಮತ್ತು ಗುಲಾಬಿ ಇದ್ರೆ ಸ್ಟಾರ್ ಆಫ್ ಇಂಡಿಯಾ, ಆನೆ ಮತ್ತು ನವಿಲು ಇದ್ರೆ ಇಂಡಿಯನ್ ಎಂಪೈರ್.