ಸುದ್ದಿ ಓದುವ ಯಂತ್ರ, ಓಡುವ ದುಡ್ಡು

ಎಲ್ಲರಿಗೂ ನಮಸ್ಕಾರ. ವಾಣಿಜ್ಯ ವಿಭಾಗದವರೂ ಪತ್ರಿಕೋದ್ಯಮ ವಿಭಾಗದವರೂ ಇವತ್ತು ಒಂದೇ ಹಾಲ್‌ನಲ್ಲಿ ಕೂತಿದ್ದೀರಿ. ಸಾಮಾನ್ಯವಾಗಿ ಹೀಗೆ ಕೂರಿಸುವುದಿಲ್ಲ. ಇವತ್ತಿನ ವಿಷಯಕ್ಕೆ ಮಾತ್ರ ಹೀಗೇ ಕೂರಬೇಕು.

ನೇರವಾಗಿ ಒಂದು ಘಟನೆಗೆ ಬರುತ್ತೇನೆ. 2013ರ ಏಪ್ರಿಲ್ 23. ಅಮೆರಿಕದಲ್ಲಿ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಅಸೋಸಿಯೇಟೆಡ್ ಪ್ರೆಸ್, ಅಂದರೆ ಎಪಿ ಸುದ್ದಿಸಂಸ್ಥೆಯ ಟ್ವಿಟರ್ ಖಾತೆಯಲ್ಲಿ ಒಂದು ಸಾಲು ಬಂತು. ಶ್ವೇತಭವನದಲ್ಲಿ ಎರಡು ಸ್ಫೋಟ, ಬರಾಕ್ ಒಬಾಮಗೆ ಗಾಯ ಅಂತ. ಖಾತೆಯನ್ನು ಹ್ಯಾಕ್ ಮಾಡಲಾಗಿತ್ತು, ಸುದ್ದಿ ಶುದ್ಧ ಸುಳ್ಳು. ಆದರೆ ಕೆಲವೇ ನಿಮಿಷಗಳಲ್ಲಿ ಅಲ್ಲಿನ ಷೇರುಪೇಟೆಯ ಏರಿಳಿತ ತೋರಿಸುವ ಡೌ ಜೋನ್ಸ್ ಸೂಚ್ಯಂಕ 140ಕ್ಕೂ ಹೆಚ್ಚು ಅಂಶ ಕುಸಿಯಿತು. ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳಿರುವ ಎಸ್ ಅಂಡ್ ಪಿ 500 ಪಟ್ಟಿಯ ಮೌಲ್ಯದಲ್ಲಿ ಸುಮಾರು 13,600 ಕೋಟಿ ಡಾಲರ್ ಕರಗಿತು. ಸುಳ್ಳು ಅಂತ ಗೊತ್ತಾದ ಮೇಲೆ ಅಷ್ಟೇ ಬೇಗ ವಾಪಸ್ ಬಂತು.

ಅಷ್ಟು ಬೇಗ ಮಾರಿದ್ದು ಯಾರು? ಟ್ವೀಟ್ ಓದಿ, ಎದೆ ಧಸಕ್ಕೆಂದು, ಬ್ರೋಕರ್‌ಗೆ ಫೋನ್ ಮಾಡುವಷ್ಟು ಹೊತ್ತು ಅಲ್ಲಿ ಇರಲೇ ಇಲ್ಲ. ಮಾರಿದ್ದರಲ್ಲಿ ದೊಡ್ಡ ಪಾಲು ಕಂಪ್ಯೂಟರ್ ಪ್ರೋಗ್ರಾಂಗಳದ್ದು. ಅವು ದಿನವಿಡೀ ಸುದ್ದಿ ಓದುತ್ತಿರುತ್ತವೆ. ‘ಸ್ಫೋಟ’, ‘ಶ್ವೇತಭವನ’, ‘ಒಬಾಮ’ ಒಂದೇ ಸಾಲಿನಲ್ಲಿ, ಅದೂ ಎಪಿಯ ಹೆಸರಲ್ಲಿ ಕಂಡರೆ ಮಾರಿಬಿಡುವುದೇ ಅವುಗಳ ಕೆಲಸ.

ಪತ್ರಿಕೋದ್ಯಮದವರು ಇಲ್ಲಿ ಸ್ವಲ್ಪ ಗಮನ ಕೊಡಿ. ಆ ಟ್ವೀಟ್ ನೋಡಿದ ಕೂಡಲೇ ಕೆಲವು ಪತ್ರಕರ್ತರಿಗೆ ವಾಸನೆ ಹೊಡೆದಿತ್ತು. ಎಪಿ ತನ್ನ ತುರ್ತು ಸುದ್ದಿಗೆ ‘ಬ್ರೇಕಿಂಗ್’ ಅನ್ನುವ ಪದವನ್ನು ಪೂರ್ತಿ ದೊಡ್ಡಕ್ಷರದಲ್ಲಿ ಹಾಕುತ್ತಿತ್ತು, ಇದರಲ್ಲಿ ಹಾಗಿರಲಿಲ್ಲ. ಮೊದಲ ಸಲ ಹೆಸರು ಬರೆಯುವಾಗ ‘ಅಧ್ಯಕ್ಷ ಒಬಾಮ’ ಅನ್ನುವುದು ಅವರ ಪದ್ಧತಿ, ಇಲ್ಲಿ ಬರೀ ‘ಬರಾಕ್ ಒಬಾಮ’ ಅಂತಿತ್ತು. ಡೆಸ್ಕ್‌ನಲ್ಲಿ ಕೂತು ಕಾಪಿ ತಿದ್ದಿದವರಿಗೆ ಇಂಥದ್ದು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಅವರು ಕಣ್ಣು ಕಿರಿದು ಮಾಡಿ ನೋಡುವ ಹೊತ್ತಿಗೆ ಪೇಟೆ ಬಿದ್ದು, ಏಳಲು ಶುರುಮಾಡಿತ್ತು.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಸುದ್ದಿ ಬರುವುದಕ್ಕೂ ದುಡ್ಡು ಕದಲುವುದಕ್ಕೂ ನಡುವೆ ಮೊದಲು ಒಂದಿಷ್ಟು ಸಮಯ ಇರುತ್ತಿತ್ತು. ಆ ಸಮಯದಲ್ಲಿ ಒಬ್ಬ ಮನುಷ್ಯ ‘ಇದು ನಿಜವಾ?’ ಅಂತ ಕೇಳುತ್ತಿದ್ದ. ಆ ಸಮಯವನ್ನು ಯಂತ್ರಗಳು ತಿಂದುಹಾಕಿವೆ. ಅದರ ಬೆಲೆ ತೆರುತ್ತಿರುವವರು ಹೆಚ್ಚಾಗಿ ಸಣ್ಣ ಹೂಡಿಕೆದಾರರು.

2013ರಲ್ಲಿ ಸುಳ್ಳು ಹೇಳಬೇಕಾದರೆ ದೊಡ್ಡ ಸಂಸ್ಥೆಯ ಖಾತೆಯನ್ನೇ ಕದಿಯಬೇಕಿತ್ತು. ಹತ್ತು ವರ್ಷದಲ್ಲಿ ಅದೂ ಬೇಡವಾಯಿತು. 2023ರ ಮೇ 22ರಂದು ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್ ಬಳಿ ಸ್ಫೋಟ ಆಗಿದೆ ಅಂತ ಒಂದು ಫೋಟೋ ಹರಿದಾಡಿತು. ಕಪ್ಪು ಹೊಗೆ, ಪಕ್ಕದಲ್ಲಿ ಕಟ್ಟಡ. ಎಐನಿಂದ ಮಾಡಿಸಿದ ಚಿತ್ರ ಅದು ಅಂತ ತಜ್ಞರು ಹೇಳಿದರು. ಹತ್ತಿರದಿಂದ ನೋಡಿದರೆ ಬೇಲಿಯ ಕಂಬಿಗಳು ಕಾಲುದಾರಿಯೊಳಗೆ ಕರಗಿಹೋಗಿದ್ದವು. ಹಂಚಿದವರಲ್ಲಿ ಹಣಕಾಸು ಸುದ್ದಿಸಂಸ್ಥೆ ಬ್ಲೂಮ್‌ಬರ್ಗ್ ಹೆಸರು ಹೋಲುವ ಒಂದು ಟ್ವಿಟರ್ ಖಾತೆಯೂ ಇತ್ತು, ಅದಕ್ಕೆ ಖಾತೆ ಅಸಲಿ ಅಂತ ಜನ ನಂಬುವ ನೀಲಿ ಟಿಕ್ ಬೇರೆ. ಅಸಲಿ ಬ್ಲೂಮ್‌ಬರ್ಗ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಆ ಹೊತ್ತಿಗೆ ನೀಲಿ ಟಿಕ್ಕು ತಿಂಗಳಿಗೆ 8 ಡಾಲರ್‌ಗೆ ಸಿಗುತ್ತಿತ್ತಲ್ಲ! ಎಸ್ ಅಂಡ್ ಪಿ ಸೂಚ್ಯಂಕ ಸುಮಾರು ಶೇ 0.3ರಷ್ಟು ಇಳಿದು ಮತ್ತೆ ಏರಿತು. ನಮ್ಮ ದೇಶದ ಒಂದು ಟಿವಿ ವಾಹಿನಿ ಕೂಡ ಇದನ್ನು ಬ್ರೇಕಿಂಗ್ ಅಂತ ಹಾಕಿ, ಆಮೇಲೆ ತೆಗೆಯಿತು. ಕೊನೆಗೆ ಇದಕ್ಕೆ ತೆರೆ ಎಳೆದವರು ಯಾರು ಗೊತ್ತಾ? ಪೆಂಟಗನ್ ಇರುವ ಆರ್ಲಿಂಗ್ಟನ್‌ನ ಅಗ್ನಿಶಾಮಕ ದಳದವರು. ‘ಇಲ್ಲಿ ಯಾವ ಸ್ಫೋಟವೂ ಆಗಿಲ್ಲ’ ಅಂತ ಹೇಳಿಕೆ ಕೊಟ್ಟರು.

ಶೇ 0.3 ತಾನೇ, ವಾಪಸ್ ಬಂತಲ್ಲ ಅನ್ನಬಹುದು. ಸೂಚ್ಯಂಕಕ್ಕೆ ವಾಪಸ್ ಬಂತು. ಆ ನಿಮಿಷಗಳಲ್ಲಿ ಸ್ಟಾಪ್‌ಲಾಸ್, ಅಂದರೆ ‘ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು’ ಅಂತ ಮೊದಲೇ ಕೊಟ್ಟ ಆದೇಶ, ತಗುಲಿ ಷೇರು ಮಾರಾಟವಾಗಿಹೋದರೆ, ಆ ಮನುಷ್ಯನಿಗೆ ಏನೂ ವಾಪಸ್ ಬರುವುದಿಲ್ಲ.

ಈಗ ನಮ್ಮ ಪೇಟೆಗೆ ಬರೋಣ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಂದು ಅಧ್ಯಯನ ಹೊರತಂದಿತು. ಫ್ಯೂಚರ್ಸ್ ಅಂಡ್ ಆಪ್ಷನ್ಸ್, ನಿಮ್ಮ ಬಾಯಲ್ಲಿ ಎಫ್ ಅಂಡ್ ಒ, ಅಂದರೆ ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಅಂತ ಊಹಿಸಿ ಮಾಡುವ ಒಪ್ಪಂದಗಳ ವಹಿವಾಟು, ಅದರ ಬಗ್ಗೆ. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಇದರಲ್ಲಿ ಆಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರ ಪೈಕಿ ಶೇ 93ರಷ್ಟು ಮಂದಿಗೆ ನಷ್ಟ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಈ ಅಂಕಿ ಎಲ್ಲ ಪತ್ರಿಕೆಗಳಲ್ಲೂ ದೊಡ್ಡದಾಗಿ ಬಂತು. ಅದೇ ವರದಿಯ ಇನ್ನೊಂದು ಅಂಕಿಯ ಬಗ್ಗೆ ಅಷ್ಟು ಮಾತಾಗಲಿಲ್ಲ. 2023–24ರಲ್ಲಿ ತಮ್ಮದೇ ದುಡ್ಡಿನಲ್ಲಿ ವಹಿವಾಟು ಮಾಡುವ ಸಂಸ್ಥೆಗಳು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ಲಾಭ ಮಾಡಿದ್ದರು. ವಿದೇಶಿಯರ ಲಾಭದಲ್ಲಿ ಶೇ 97, ಆ ಸಂಸ್ಥೆಗಳ ಲಾಭದಲ್ಲಿ ಶೇ 96 ಬಂದದ್ದು ಅಲ್ಗೊರಿದಂ ವಹಿವಾಟಿನಿಂದ, ಅಂದರೆ ಕಂಪ್ಯೂಟರ್ ಪ್ರೋಗ್ರಾಂ ತಾನೇ ಕೊಂಡು ಮಾರುವುದರಿಂದ.

ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಅಲ್ಗೊರಿದಂ ಎಲ್ಲವೂ ಎಐ ಅಲ್ಲ. ‘ಬೆಲೆ ಇಷ್ಟಾದರೆ ಕೊಳ್ಳು, ಇಷ್ಟಾದರೆ ಮಾರು’ ಅನ್ನುವ ಸರಳ ಪ್ರೋಗ್ರಾಂ ಕೂಡ ಅದರಲ್ಲಿ ಸೇರುತ್ತದೆ. ಆದರೆ ದಿಕ್ಕು ಒಂದೇ. ಮೊದಲು ಪದಗಳನ್ನು ಹೆಕ್ಕಿ ನೋಡುತ್ತಿದ್ದ ಪ್ರೋಗ್ರಾಂ ಜಾಗಕ್ಕೆ ಈಗ ಇಡೀ ವಾಕ್ಯ ಓದಿ ಧಾಟಿ ಹಿಡಿಯುವ ಭಾಷಾ ಮಾದರಿ, ಅಂದರೆ ಭಾಷೆ ಕಲಿತ ಎಐ, ಬಂದಿದೆ. ಇದರ ಎದುರು ಮೊಬೈಲ್ ಹಿಡಿದು, ಟೆಲಿಗ್ರಾಂನಲ್ಲಿ ಬಂದ ಟಿಪ್ಸ್ ನಂಬಿ ಆಪ್ಷನ್ ಕೊಳ್ಳುವುದೆಂದರೆ, ಎಪಿಎಂಸಿಯಲ್ಲಿ ಬೆಳಗಿನ ಜಾವವೇ ಒಳ್ಳೆ ಮಾಲೆಲ್ಲ ಖಾಲಿಯಾದ ಮೇಲೆ ಹತ್ತು ಗಂಟೆಗೆ ಚೀಲ ಹಿಡಿದು ಹೋದ ಹಾಗೆ.

ಇನ್ನು ಸುದ್ದಿಮನೆ. ಇಲ್ಲೂ ಯಂತ್ರ ಹೊಸದಲ್ಲ. ಎಪಿ 2014ರಿಂದಲೇ ಕಂಪನಿಗಳ ತ್ರೈಮಾಸಿಕ ಫಲಿತಾಂಶದ ವರದಿಗಳನ್ನು ಸಾಫ್ಟ್‌ವೇರ್‌ನಿಂದ ಬರೆಸುತ್ತಿದೆ. ಮೊದಲು ಮೂರು ತಿಂಗಳಿಗೆ ಸುಮಾರು 300 ಕಂಪನಿಗಳ ಬಗ್ಗೆ ಬರೆಯುತ್ತಿದ್ದರು, ಆಮೇಲೆ ಅದು 3,000 ದಾಟಿತು. ಫಲಿತಾಂಶದ ಕಾಲದಲ್ಲಿ ಡೆಸ್ಕ್‌ನಲ್ಲಿ ಕೂತವರಿಗೆ ಇದರ ಸುಖ ಗೊತ್ತು. ‘ನಿವ್ವಳ ಲಾಭ ಕಳೆದ ವರ್ಷದ ಇದೇ ಅವಧಿಗೆ ಹೋಲಿಸಿದರೆ’ ಅಂತ ಒಂದೇ ರಾತ್ರಿಯಲ್ಲಿ ಎಷ್ಟು ಸಲ ಬರೆಯುವುದು ಹೇಳಿ! ಅದನ್ನು ಯಂತ್ರ ಮಾಡಿದರೆ ನನ್ನ ತಕರಾರಿಲ್ಲ. ಆಮೇಲೆ ಅಮೆರಿಕದ ಅಕೌಂಟಿಂಗ್ ಸಂಶೋಧಕರು ನೋಡಿದಾಗ ಒಂದು ವಿಷಯ ಕಂಡಿತು. ಅದುವರೆಗೆ ಯಾರೂ ಬರೆಯದಿದ್ದ ಸಣ್ಣ ಕಂಪನಿಗಳ ಬಗ್ಗೆ ಈ ಯಂತ್ರದ ವರದಿ ಬರಲು ಶುರುವಾದ ಮೇಲೆ ಅವುಗಳ ಷೇರು ವಹಿವಾಟು ಹೆಚ್ಚಿತ್ತು. ಯಂತ್ರ ಬರೆಯುತ್ತದೆ, ಪೇಟೆ ಅಲುಗುತ್ತದೆ, ಅಲುಗಿದ್ದನ್ನು ಇನ್ನೊಂದು ಯಂತ್ರ ಗಮನಿಸುತ್ತದೆ. ಎರಡೂ ವಿಭಾಗದವರು ಒಟ್ಟಿಗೆ ಕೂರಬೇಕು ಅಂದದ್ದು ಇದಕ್ಕೇ.

ಎಪಿಯ ಸಾಫ್ಟ್‌ವೇರ್ ಅಂಕಿಗಳನ್ನು ಮೊದಲೇ ಸಿದ್ಧವಿದ್ದ ವಾಕ್ಯಗಳ ಅಚ್ಚಿನಲ್ಲಿ ತುಂಬುವಂಥದ್ದು. ಈಗಿನ ಭಾಷಾ ಮಾದರಿಗಳು ಹಾಗಲ್ಲ, ಅವು ಪದದಿಂದ ಪದಕ್ಕೆ ಊಹಿಸಿ ಬರೆಯುತ್ತವೆ. ಸಿನೆಟ್ ಅನ್ನುವ ಅಮೆರಿಕದ ಜಾಲತಾಣ 2022ರ ಕೊನೆಯಲ್ಲಿ ಹಣಕಾಸು ಲೇಖನಗಳನ್ನು ಎಐನಿಂದ ಬರೆಸಿತು. ಒಂದು ಲೇಖನದಲ್ಲಿ, 10,000 ಡಾಲರ್ ಠೇವಣಿ ಇಟ್ಟರೆ ಶೇ 3ರ ಬಡ್ಡಿಯಲ್ಲಿ ವರ್ಷದ ಕೊನೆಗೆ 10,300 ಡಾಲರ್ ‘ಗಳಿಸುತ್ತೀರಿ’ ಅಂತಿತ್ತು. ಗಳಿಕೆ 300 ಡಾಲರ್ ಅಲ್ವಾ? ಹೈಸ್ಕೂಲ್ ಹುಡುಗ ಹಿಡಿಯುವ ತಪ್ಪು. ಆದರೆ ವಾಕ್ಯ ಅಷ್ಟು ನಯವಾಗಿ, ಅಷ್ಟು ಧೈರ್ಯವಾಗಿ ಇದ್ದುದರಿಂದ ತಿದ್ದುವವರ ಕಣ್ಣು ಜಾರಿತು. ಗಲಾಟೆಯಾದ ಮೇಲೆ 77 ಲೇಖನಗಳನ್ನು ಮತ್ತೆ ನೋಡಿ, 41ಕ್ಕೆ ತಿದ್ದುಪಡಿ ಹಾಕಬೇಕಾಯಿತು.

ಕನ್ನಡದಲ್ಲೂ ಎಐ ಬಂದಾಗಿದೆ. 2023ರ ಜುಲೈನಲ್ಲಿ ಪವರ್ ಟಿವಿ ‘ಸೌಂದರ್ಯ’ ಅನ್ನುವ ಎಐ ನಿರೂಪಕಿಯನ್ನು ತಂದಿತು. ಆಗ ಎಲ್ಲರೂ ನಿರೂಪಕರ ಕೆಲಸ ಹೋಯಿತು ಅಂತ ಮಾತಾಡಿದರು. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಆಗುವುದು ತೆರೆಯ ಹಿಂದಿನವರ ಬಗ್ಗೆ. ಮುಖ ಯಾವುದಾದರೂ ಇರಲಿ, ಅದು ಓದುವ ಸಾಲನ್ನು ಪರಿಶೀಲಿಸಿದವರು ಯಾರು? ವಾಣಿಜ್ಯ ಪುಟಕ್ಕೆ ಇಬ್ಬರೇ ಇದ್ದು, ಅವರಲ್ಲಿ ಒಬ್ಬರು ರಜೆ ಹಾಕಿದ ದಿನ ಏನಾಗುತ್ತದೆ?

ಸುಳ್ಳು ಮುಖಗಳ ಕಥೆ ಬೇರೆಯೇ ಇದೆ. 2023ರ ಡಿಸೆಂಬರ್‌ನಲ್ಲಿ ಇನ್ಫೊಸಿಸ್ ನಾರಾಯಣ ಮೂರ್ತಿಯವರು ತಾವೇ ಎಚ್ಚರಿಕೆ ಕೊಡಬೇಕಾಯಿತು. ಅವರು ಯಾವುದೋ ಟ್ರೇಡಿಂಗ್ ಆ್ಯಪ್ ಶಿಫಾರಸು ಮಾಡುವ ಹಾಗೆ ಡೀಪ್‌ಫೇಕ್, ಅಂದರೆ ಎಐನಿಂದ ಮುಖ, ದನಿ ನಕಲು ಮಾಡಿದ ವಿಡಿಯೊಗಳು ಬಂದಿದ್ದವು. 2024ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ ತನ್ನ ಮುಖ್ಯಸ್ಥ ಆಶಿಷ್‌ಕುಮಾರ್ ಚೌಹಾಣ್ ಷೇರು ಟಿಪ್ಸ್ ಕೊಡುವ ನಕಲಿ ವಿಡಿಯೊ ಬಗ್ಗೆ ಎಚ್ಚರಿಸಿತು. ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಸರದಿ. ಮೋಸಗಾರರ ಆಯ್ಕೆ ನೋಡಿ, ಸಿನಿಮಾ ತಾರೆಯರಿಗಿಂತ ನಂಬಿಕೆಯ ಮುಖಗಳೇ ಬೇಕು ಅವರಿಗೆ. ನಿಮ್ಮ ಮನೆಯಲ್ಲಿ ನಿವೃತ್ತಿ ದುಡ್ಡು ಇಟ್ಟುಕೊಂಡಿರುವ ಚಿಕ್ಕಪ್ಪನೋ ದೊಡ್ಡಮ್ಮನೋ ಇರುತ್ತಾರಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಮೂರ್ತಿಯವರ ಮಾತು ಕೇಳಿದರೆ ಅವರು ಅನುಮಾನ ಪಡುವುದು ಕಷ್ಟ. ಅವರನ್ನು ದಡ್ಡರು ಅನ್ನಬೇಡಿ. ಅರಪ್ ಅನ್ನುವ ದೊಡ್ಡ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಕಚೇರಿಯಲ್ಲಿ, ವಿಡಿಯೊ ಮೀಟಿಂಗ್‌ನಲ್ಲಿ ಕಂಡ ಮೇಲಧಿಕಾರಿಗಳ ಮಾತು ಕೇಳಿ ಹಣಕಾಸು ಸಿಬ್ಬಂದಿಯೊಬ್ಬರು 15 ಸಲ ದುಡ್ಡು ಕಳಿಸಿದರು. ಒಟ್ಟು 20 ಕೋಟಿ ಹಾಂಗ್‌ಕಾಂಗ್ ಡಾಲರ್. ಆ ಮೀಟಿಂಗ್‌ನಲ್ಲಿದ್ದ ಮೇಲಧಿಕಾರಿಗಳೆಲ್ಲ ಡೀಪ್‌ಫೇಕ್.

ಹೊಣೆ ಯಾರದು ಅನ್ನುವುದಕ್ಕೆ ಒಂದು ಒಳ್ಳೆಯ ತೀರ್ಪಿದೆ. ಏರ್ ಕೆನಡಾ ವಿಮಾನ ಸಂಸ್ಥೆಯ ಜಾಲತಾಣದಲ್ಲಿ ಗ್ರಾಹಕರಿಗೆ ತಾನೇ ಉತ್ತರಿಸುವ ಚಾಟ್‌ಬಾಟ್, ಕುಟುಂಬದಲ್ಲಿ ಸಾವಾಗಿದ್ದ ಪ್ರಯಾಣಿಕರೊಬ್ಬರಿಗೆ ರಿಯಾಯಿತಿ ದರದ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತು. ಅವರು ದೂರು ಕೊಟ್ಟಾಗ ಕಂಪನಿ ಏನು ವಾದಿಸಿತು ಗೊತ್ತಾ? ಚಾಟ್‌ಬಾಟ್ ಬೇರೆಯೇ ಒಂದು ವ್ಯಕ್ತಿ, ಅದರ ಮಾತಿಗೆ ಅದೇ ಹೊಣೆ ಅಂತ! ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಇದನ್ನು ಒಪ್ಪಲಿಲ್ಲ. ಜಾಲತಾಣದಲ್ಲಿ ಇರುವುದೆಲ್ಲ ನಿಮ್ಮದೇ, ಹೊಣೆಯೂ ನಿಮ್ಮದೇ ಅಂದಿತು. ಕೊಡಿಸಿದ್ದು 800 ಚಿಲ್ಲರೆ ಕೆನಡಾ ಡಾಲರ್, ಅಷ್ಟೇ. ಆದರೆ ‘ನಾವಲ್ಲ, ಎಐ ಮಾಡಿದ್ದು’ ಅನ್ನುವ ನೆಪಕ್ಕೆ ಒಂದು ಬಾಗಿಲು ಮುಚ್ಚಿತು. ನಮ್ಮ ಸೆಬಿ ಕೂಡ 2025ರಲ್ಲಿ ನಿಯಮ ತಿದ್ದಿ, ತನ್ನ ಅಡಿಯಲ್ಲಿರುವ ಸಂಸ್ಥೆಗಳು ಎಐ ಬಳಸಿದರೆ ಅದರ ಪರಿಣಾಮಕ್ಕೆ ಅವೇ ಹೊಣೆ ಅಂದಿದೆ.

ಸುದ್ದಿ ಸಂಸ್ಥೆಗಳಿಗೂ ಇದೇ ಅಳತೆ ಇರಬೇಕು ಅನ್ನುವುದು ನನ್ನ ವಾದ. ಎಐ ಬರೆದ ಷೇರು ಸುದ್ದಿ ತಪ್ಪಾದರೆ ತಿದ್ದುಪಡಿ ಯಾವ ಸಂಪಾದಕರ ಹೆಸರಲ್ಲಿ ಬರುತ್ತದೆ ಅಂತ ಮೊದಲೇ ತೀರ್ಮಾನವಾಗಿರಬೇಕು. ನಿಮ್ಮಲ್ಲಿ ಕೆಲವರು ಮುಂದಿನ ವರ್ಷ ಡೆಸ್ಕ್‌ಗೆ ಇಂಟರ್ನ್ ಆಗಿ ಹೋಗುತ್ತೀರಿ. ಮೊದಲ ವಾರದಲ್ಲೇ ಇದನ್ನು ಕೇಳಿ ನೋಡಿ, ಏನು ಉತ್ತರ ಸಿಕ್ಕಿತು ಅಂತ ನನಗೂ ತಿಳಿಸಿ.

ಈಗ ನಿಮ್ಮ ಪ್ರಶ್ನೆಗಳು. ಯಾವ ಷೇರು ಕೊಳ್ಳಬೇಕು ಅಂತ ಮಾತ್ರ ಕೇಳಬೇಡಿ.